ಎಳೆದಾಡುವ ನಾಯಿಗೆ ನಿಧಾನವಾಗಿ ನಡೆಯಲು ಕಲಿಸುವುದು: ಮುಂಬಯಿಯ ಬೀದಿಗಳಲ್ಲಿ ಪಳಗಿದ ಒಂದು ಮಾರ್ಗದರ್ಶಿ

ಗುಂಡ ನಮ್ಮ ಮನೆಯ ಲ್ಯಾಬ್ರಡಾರ್. ತೂಕ 34 ಕಿಲೋ. ಎರಡು ವರ್ಷದ ಹಿಂದೆ, ಮಾಟುಂಗಾದ ನಮ್ಮ ಬಿಲ್ಡಿಂಗಿನ ಗೇಟಿನಾಚೆ, ನಿಲ್ಲಿಸಿದ್ದ ಸ್ಕೂಟರಿನ ಅಡಿಯಿಂದ ಒಂದು ಬೆಕ್ಕು ಚಂಗನೆ ಹೊರಗೆ ಬಂತು. ಲೀಶನ್ನು, ಅಂದರೆ ನಾಯಿಯನ್ನು ಹಿಡಿಯುವ ಹಗ್ಗವನ್ನು, ಅತ್ತೆ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಗುಂಡ ನೆಗೆದ, ಅತ್ತೆ ಬಿದ್ದರು, ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ನಾಯಿಯನ್ನು ಊರಿಗೆ ಕಳಿಸಿಬಿಡೋಣ, ಕುಂದಾಪುರದ ತೋಟದಲ್ಲಿ ಓಡಾಡಿಕೊಂಡಿರಲಿ ಎಂದು ಮನೆಯಲ್ಲಿ ಮಾತಾಯಿತು.

ನಾನು ಒಪ್ಪಲಿಲ್ಲ. ತಪ್ಪು ಗುಂಡನದಲ್ಲ, ಅವನಿಗೆ ಯಾರೂ ಕಲಿಸಿಯೇ ಇರಲಿಲ್ಲ. ಮುಂದಿನ ಹತ್ತು ತಿಂಗಳು ದಿನಾ ಸ್ವಲ್ಪ ಸ್ವಲ್ಪ ಕಲಿಸಿದೆ. ನನಗೆ ಕೆಲಸಕ್ಕೆ ಬಂದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ನಾಯಿಯೂ ದೊಡ್ಡದು, ಬಲಶಾಲಿ, ಎಲ್ಲವನ್ನೂ ನೋಡಿ ಕುಣಿಯುವಂಥದ್ದು ಅಂತಾದರೆ ಇದು ನಿಮಗೇ.

ಯಾಕೆ ಎಳೆಯುತ್ತದೆ

ನಾಯಿ ನಮ್ಮ ಮೇಲೆ ಯಜಮಾನಿಕೆ ಮಾಡಲು ಎಳೆಯುತ್ತದೆ ಎನ್ನುವವರು ಈಗಲೂ ಇದ್ದಾರೆ. ಹಾಗಲ್ಲ. ನಾಯಿಯ ಸಹಜ ವೇಗ ನಮ್ಮ ನಡಿಗೆಗಿಂತ ಜಾಸ್ತಿ. ಮುಂದೆ ಒಂದು ಕಂಬ ಇದೆ, ಕಂಬದ ಬುಡದಲ್ಲಿ ನಿನ್ನೆ ರಾತ್ರಿ ಬೇರೆ ನಾಯಿ ಬಿಟ್ಟುಹೋದ ವಾಸನೆ ಇದೆ. ನಾಯಿ ಎಳೆಯುತ್ತದೆ, ನಾವು ಹಿಂದೆ ಹೋಗುತ್ತೇವೆ, ಕಂಬ ಸಿಗುತ್ತದೆ. ಎಳೆದರೆ ಸಿಗುತ್ತದೆ ಎಂದು ನಾಯಿ ಕಲಿತದ್ದು ನಮ್ಮಿಂದಲೇ.

ಹತ್ತರಲ್ಲಿ ಒಂಬತ್ತು ಸಲ ಗಟ್ಟಿಯಾಗಿ ನಿಂತು, ಹತ್ತನೇ ಸಲ "ಅಯ್ಯೋ, ಆಫೀಸಿಗೆ ತಡ ಆಯ್ತು" ಎಂದು ಬಿಟ್ಟುಕೊಟ್ಟರೆ ಇನ್ನೂ ಕಷ್ಟ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಫಲಕ್ಕಾಗಿ ಯಾವ ಪ್ರಾಣಿಯೂ ಹೆಚ್ಚು ಹಟದಿಂದ ಪ್ರಯತ್ನಿಸುತ್ತದೆ. ಮನುಷ್ಯರು ಲಾಟರಿ ಟಿಕೆಟ್ ಕೊಳ್ಳುವುದೂ ಇದೇ ಕಾರಣಕ್ಕೆ ಅಲ್ವಾ.

ಎರಡನೇ ಕಾರಣವನ್ನು ನಾನು ತುಂಬಾ ತಡವಾಗಿ ಗಮನಿಸಿದೆ. ಗುಂಡ ಎಳೆಯಲು ಶುರು ಮಾಡುತ್ತಿದ್ದದ್ದು ಬೀದಿಯಲ್ಲಲ್ಲ. ಗೋಡೆಯ ಮೊಳೆಯಿಂದ ಲೀಶ್ ತೆಗೆದ ಸದ್ದಿಗೇ ಅವನು ಗಿರಗಿರನೆ ತಿರುಗುತ್ತಿದ್ದ. ಬಾಗಿಲು ತೆರೆದರೆ ಕಿರುಚಾಟ, ಲಿಫ್ಟಿನಲ್ಲಿ ಏದುಸಿರು. ಗೇಟಿಗೆ ಬರುವ ಹೊತ್ತಿಗೆ ಅವನ ಕಿವಿಗೆ ನನ್ನ ಮಾತು ಬೀಳುವ ಸ್ಥಿತಿಯೇ ಇರುತ್ತಿರಲಿಲ್ಲ. ಹಾಲು ಉಕ್ಕಿ ಚೆಲ್ಲಿದ ಮೇಲೆ ಒಲೆ ಆರಿಸಿ ಏನು ಬಂತು? ಹಾಗಾಗಿ ಈ ಪಾಠದ ಅರ್ಧಕ್ಕಿಂತ ಜಾಸ್ತಿ ಭಾಗ ನಡೆಯುವುದು ಮನೆಯೊಳಗೆ.

ಏನೇನು ಬೇಕು

ಎಲ್ಲಕ್ಕಿಂತ ಮೊದಲು ಪಶುವೈದ್ಯರ ಹತ್ತಿರ ಒಮ್ಮೆ ತೋರಿಸಿ. ಸೊಂಟ ನೋವು, ಕಿವಿಯ ಸೋಂಕು, ಚರ್ಮದ ತುರಿಕೆ ಇರುವ ನಾಯಿ ಸಮಾಧಾನವಾಗಿ ನಡೆಯುವುದಿಲ್ಲ.

ಆಮೇಲೆ ಹಾರ್ನೆಸ್, ಅಂದರೆ ಕತ್ತಿಗಲ್ಲದೆ ಎದೆ ಬೆನ್ನಿಗೆ ಸುತ್ತಿ ಹಾಕುವ ಪಟ್ಟಿ. ಎದೆಯ ಮುಂಭಾಗದಲ್ಲೊಂದು, ಬೆನ್ನ ಮೇಲೊಂದು, ಹೀಗೆ ಎರಡು ಉಂಗುರ ಇರುವಂಥದ್ದನ್ನು ತೆಗೆದುಕೊಳ್ಳಿ. ಪಟ್ಟಿ ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕೂರಬೇಕು. ಭುಜಕ್ಕೆ ಅಡ್ಡ ಬರಬಾರದು, ಕಂಕುಳಲ್ಲಿ ಉಜ್ಜಬಾರದು, ಪಟ್ಟಿಯ ಕೆಳಗೆ ನಮ್ಮ ಎರಡು ಬೆರಳು ಆರಾಮಾಗಿ ತೂರಬೇಕು. ಲೀಶನ್ನು ಮುಂದಿನ ಉಂಗುರಕ್ಕೆ ಹಾಕಿದರೆ, ನಾಯಿ ಎಳೆದಾಗ ಅದರ ದೇಹ ಪಕ್ಕಕ್ಕೆ ತಿರುಗುತ್ತದೆ. ಪೂರ್ತಿ ಬಲ ಹಾಕಲು ಆಗುವುದಿಲ್ಲ. ಬರೀ ಬೆನ್ನಿನ ಉಂಗುರಕ್ಕೆ ಹಾಕಿದರೆ ಗಾಡಿ ಎಳೆಯುವ ಎತ್ತಿಗೆ ನೊಗ ಕಟ್ಟಿದ ಹಾಗೆ, ಎದೆಯ ಬಲವೆಲ್ಲ ಅದಕ್ಕೆ ಸಿಗುತ್ತದೆ. ಹಾರ್ನೆಸ್ ಕಲಿಸುವುದಿಲ್ಲ, ಕಲಿಯುವ ತನಕ ನಮ್ಮ ತೋಳು ಕಾಪಾಡುತ್ತದೆ. ಅಷ್ಟೇ ಅದರ ಕೆಲಸ.

ಲೀಶ್ ಆರು ಅಡಿ ಉದ್ದದ್ದು ಸಾಕು. ಎಳೆದಷ್ಟೂ ಉದ್ದವಾಗುವ ಡಬ್ಬಿಯ ಲೀಶ್ ಬೇಡ. ಅದು ಯಾವಾಗಲೂ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ, ಹಾಗಾಗಿ ಎಳೆದರೆ ದಾರಿ ಬಿಡುತ್ತದೆ ಎಂದೇ ನಾಯಿಗೆ ಕಲಿಸುತ್ತದೆ. ನಮ್ಮ ಬೀದಿಗಳಲ್ಲಿ ಪಕ್ಕದಲ್ಲೇ ಬೈಕ್ ಹೋಗುತ್ತಿರುತ್ತದೆ, ಅದೊಂದೇ ಕಾರಣಕ್ಕೂ ಅದು ಅಪಾಯ.

ಎಳೆದರೆ ಕತ್ತಿಗೆ ಬಿಗಿಯುವ ಚೋಕ್ ಚೈನ್, ಮುಳ್ಳಿನ ಪಟ್ಟಿ ಎರಡೂ ಬೇಡ. ಒಬ್ಬ ತರಬೇತುದಾರರ ಮಾತು ಕೇಳಿ ನಾನು ಎರಡು ವಾರ ಚೋಕ್ ಚೈನ್ ಹಾಕಿದ್ದೆ. ಗುಂಡ ಎಳೆಯುವುದನ್ನು ಬಿಡಲಿಲ್ಲ, ಕೆಮ್ಮುತ್ತಾ ಎಳೆಯತೊಡಗಿದ. ಇನ್ನೊಂದು ನಾಯಿ ಕಂಡಾಗಲೆಲ್ಲ ಕತ್ತಿಗೆ ಬಿಗಿತ, ನೋವು. ಸ್ವಲ್ಪ ದಿನದಲ್ಲೇ ಬೇರೆ ನಾಯಿ ಎಂದರೆ ನೋವು ಎಂದು ಅವನ ತಲೆಯಲ್ಲಿ ಕೂತಿತು, ಮೊದಲು ಬಾಲ ಅಲ್ಲಾಡಿಸುತ್ತಿದ್ದವನು ಗುರ್ ಎನ್ನಲು ಶುರು ಮಾಡಿದ. ಕತ್ತಿನ ಪಟ್ಟಿಯನ್ನು ಬಲವಾಗಿ ಎಳೆದಾಗ ಶ್ವಾಸನಾಳಕ್ಕೆ ಪೆಟ್ಟಾಗುತ್ತದೆ, ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಆ ಎರಡು ವಾರದ್ದನ್ನು ಸರಿ ಮಾಡಲು ನನಗೆ ಮೂರು ತಿಂಗಳು ಹಿಡಿಯಿತು.

ಕೊನೆಯದಾಗಿ ತಿಂಡಿ. ಬಟಾಣಿ ಕಾಳಿನಷ್ಟು ಸಣ್ಣ ಚೂರುಗಳು. ಮೆತ್ತಗಿರಬೇಕು, ಅಗಿಯದೆ ನುಂಗುವಂತಿರಬೇಕು. ಬೇಯಿಸಿದ ಕೋಳಿ ಎಲ್ಲಕ್ಕಿಂತ ಒಳ್ಳೆಯದು. ಮನೆಯಲ್ಲಿ ಮಾಂಸ ಮಾಡುವುದಿಲ್ಲ ಎಂದರೆ ಪನೀರ್, ಬೇಯಿಸಿದ ಸಿಹಿಗೆಣಸು ಆಗುತ್ತದೆ. ನಾಯಿ ಯಾವುದಕ್ಕೆ ಕಣ್ಣರಳಿಸುತ್ತದೋ ಅದೇ ಸರಿ. ಕೊಟ್ಟಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ, ಲ್ಯಾಬ್ರಡಾರ್‌ಗಳು ಬೇಗ ದಪ್ಪವಾಗುತ್ತವೆ. ಒಣದ್ರಾಕ್ಷಿ, ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಪೂಜೆಯ ಸಜ್ಜಿಗೆಯಲ್ಲೂ ಒಣದ್ರಾಕ್ಷಿ ಇರುತ್ತದೆ. ಪ್ರೀತಿಯಿಂದ ಕೊಡಲು ಬರುವವರಿಗೆ ಮೊದಲೇ ಹೇಳಿಬಿಡಿ.

ಮನೆಯೊಳಗಿನ ಹತ್ತು ದಿನ

ಮೊದಲ ಎರಡು ದಿನ ಬರೀ ಒಂದು ಮಾತು ಕಲಿಸಿ. ನಾನು "ಶಭಾಷ್" ಆರಿಸಿಕೊಂಡೆ. ಶಭಾಷ್ ಅನ್ನಿ, ತಕ್ಷಣ ಒಂದು ಚೂರು ಕೊಡಿ. ಒಂದು ಸಲಕ್ಕೆ ಹತ್ತು ಹದಿನೈದು ಚೂರು, ದಿನಕ್ಕೆ ಮೂರು ಸಲ. ಎರಡು ದಿನದಲ್ಲಿ ಆ ಮಾತು ಕೇಳಿದೊಡನೆ ನಾಯಿ ಕತ್ತು ತಿರುಗಿಸಿ ನಿಮ್ಮನ್ನು ನೋಡುತ್ತದೆ. "ನೀನು ಈ ಕ್ಷಣ ಮಾಡಿದ್ದು ಸರಿ" ಎಂದು ಹೇಳಲು ಈ ಮಾತು. ಹಾಗಾಗಿ ಸುಮ್ನೆ ಮುದ್ದು ಮಾಡುವಾಗ ಬಳಸಬೇಡಿ. ಮನೆಯವರೆಲ್ಲ ಅದೇ ಮಾತು ಬಳಸಲಿ. ನಮ್ಮಲ್ಲಿ ನಾನು ಶಭಾಷ್, ಗಂಡ "ಗುಡ್ ಬಾಯ್", ಅತ್ತೆ "ಜಾಣ ಮರಿ" ಎನ್ನುತ್ತಿದ್ದೆವು. ಗುಂಡನಿಗೆ ಮೂರು ಭಾಷೆ ಕಲಿಸುವ ಬದಲು ನಾವು ಮೂವರೂ ಒಂದಕ್ಕೆ ಬಂದೆವು.

ಮೂರನೇ ದಿನದಿಂದ ನಡಿಗೆ. ಲೀಶ್ ಬೇಡ, ಹಾಲಿನಲ್ಲಿ ಮೇಜು ಸೋಫಾ ಸರಿಸಿ ಜಾಗ ಮಾಡಿ. ಎಡಗೈಯಲ್ಲಿ ತಿಂಡಿ ಹಿಡಿದು ಒಂದು ಹೆಜ್ಜೆ ಇಡಿ. ನಾಯಿ ಎಡಕಾಲಿನ ಪಕ್ಕಕ್ಕೆ ಬಂದ ಕ್ಷಣಕ್ಕೆ ಶಭಾಷ್, ಚೂರು. ಚೂರು ಕೊಡುವ ಜಾಗ ಮುಖ್ಯ. ಕೈಯನ್ನು ನಿಮ್ಮ ತೊಡೆಗೆ ತಾಗಿಸಿ, ಸಲ್ವಾರಿನ ಪಕ್ಕದ ಹೊಲಿಗೆಗೆ ಅಂಟಿಸಿಯೇ ಕೊಡಿ. ಕೈ ಮುಂದೆ ಚಾಚಿ ಕೊಟ್ಟರೆ ನಾಯಿ ಮುಂದೆ ಬರುತ್ತದೆ. ತಿಂಡಿ ಎಲ್ಲಿ ಸಿಗುತ್ತದೋ ನಾಯಿ ಅಲ್ಲಿ ನಿಲ್ಲುತ್ತದೆ. ನಾನು ಮೊದಲ ವಾರ ಪೂರ್ತಿ ಈ ಒಂದು ತಪ್ಪು ಮಾಡಿ, ಇವನು ಯಾಕೆ ನನ್ನ ಮುಂದೆಯೇ ಅಡ್ಡ ಬರುತ್ತಾನೆ ಎಂದು ತಲೆ ಕೆಡಿಸಿಕೊಂಡಿದ್ದೆ.

ಒಂದು ಹೆಜ್ಜೆ, ಆಮೇಲೆ ಎರಡು, ಮೂರು, ಐದು. ಆಗಾಗ ದಿಕ್ಕು ಬದಲಿಸಿ. ಐದು ನಿಮಿಷಕ್ಕೆ ನಿಲ್ಲಿಸಿಬಿಡಿ. ಇನ್ನೂ ಬೇಕು ಎನ್ನುವಾಗ ಮುಗಿದರೆ ನಾಳೆ ಓಡಿ ಬರುತ್ತದೆ.

ಇದರ ಜೊತೆಗೇ ಹಾರ್ನೆಸ್ ಪರಿಚಯ ಮಾಡಿಸಿ. ನೆಲದ ಮೇಲಿಡಿ, ಮೂಸಿದರೆ ಚೂರು. ಮರುದಿನ ತಲೆ ತೂರಿಸಿದರೆ ಚೂರು. ಅದರ ಮರುದಿನ ಬಕಲ್ ಹಾಕಿ, ಎರಡು ನಿಮಿಷ ಬಿಟ್ಟು ತೆಗೆಯಿರಿ. ಎಂಟನೇ ದಿನದ ಹೊತ್ತಿಗೆ ಹಾರ್ನೆಸ್, ಲೀಶ್ ಎರಡೂ ಹಾಕಿ ಹಾಲಿನಲ್ಲೇ ನಡೆಸಿ.

ಲೀಶ್ ಹಿಡಿಯುವ ಕ್ರಮ ಇಲ್ಲೇ ಕಲಿತುಬಿಡಿ. ಕುಣಿಕೆಯನ್ನು ಬಲಗೈಯ ಹೆಬ್ಬೆರಳಿಗೆ ಹಾಕಿ, ಮುಷ್ಟಿ ಮುಚ್ಚಿ, ಕೈಯನ್ನು ಹೊಕ್ಕುಳ ಹತ್ತಿರ ಇಟ್ಟುಕೊಳ್ಳಿ. ಮಣಿಕಟ್ಟಿಗಾಗಲಿ ಬೆರಳಿಗಾಗಲಿ ಸುತ್ತಬೇಡಿ. ದೊಡ್ಡ ನಾಯಿ ಎಳೆದಾಗ ತೋಳು ಚಾಚಿದ್ದರೆ ಭುಜಕ್ಕೆ ಪೆಟ್ಟು. ಕೈ ಹೊಟ್ಟೆಗೆ ತಾಗಿದ್ದು ಮೊಣಕಾಲು ಸ್ವಲ್ಪ ಬಗ್ಗಿದ್ದರೆ ಇಡೀ ದೇಹ ತಡೆಯುತ್ತದೆ. ನಾಯಿ ಮತ್ತು ನಿಮ್ಮ ನಡುವೆ ಲೀಶ್ ಕನ್ನಡದ ಒಂದು ಸೊನ್ನೆಯ ಕೆಳಭಾಗದ ಹಾಗೆ ಜೋಲಬೇಕು. ಆ ಜೋಲು ಕಣ್ಣಿಗೆ ಕಾಣುತ್ತಿರಲಿ.

ಬಾಗಿಲು, ಲಿಫ್ಟ್, ಕಾಂಪೌಂಡ್

ಮೊಳೆಯಿಂದ ಲೀಶ್ ತೆಗೆಯಿರಿ. ನಾಯಿ ಕುಣಿಯಿತಾ? ಮಾತಾಡದೆ ಮತ್ತೆ ಅಲ್ಲೇ ನೇತುಹಾಕಿ ಹೋಗಿ ಕೂತುಕೊಳ್ಳಿ. ಒಂದು ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಮೊದಲ ದಿನ ನಾನು ಹದಿನಾಲ್ಕು ಸಲ ಹೀಗೆ ಮಾಡಿದೆ. ಹದಿನೈದನೇ ಸಲ ಗುಂಡ ನಾಲ್ಕೂ ಕಾಲು ನೆಲದ ಮೇಲಿಟ್ಟು ನಿಂತ. ಬಾಲ ಅಲ್ಲಾಡುತ್ತಿತ್ತು, ಆದರೆ ನಿಂತಿದ್ದ. ಶಭಾಷ್.

ಬಾಗಿಲಿಗೂ ಇದೇ ನಿಯಮ. ಚಿಲಕಕ್ಕೆ ಕೈ ಹಾಕಿದಾಗ ನುಗ್ಗಿದರೆ ಕೈ ವಾಪಸ್. ನಾಲ್ಕು ಬೆರಳಗಲ ತೆರೆದಾಗ ನುಗ್ಗಿದರೆ ಬಾಗಿಲು ಮುಚ್ಚಿ, ಮೂಗಿಗೆ ತಾಗದಂತೆ ಜೋಪಾನ. ಕೂತು ಕಾದರೆ ಬಾಗಿಲು ತೆರೆಯುತ್ತದೆ. ಗದರುವುದು, ಕೂಗುವುದು ಬೇಡ. ಬಾಗಿಲೇ ಪಾಠ ಹೇಳುತ್ತದೆ.

ಲಿಫ್ಟ್ ಕಷ್ಟದ ಜಾಗ. ಇಕ್ಕಟ್ಟು, ಒಳಗೆ ಯಾರಿರುತ್ತಾರೋ ಗೊತ್ತಿಲ್ಲ, ಬಾಗಿಲು ತಟ್ಟನೆ ತೆರೆಯುತ್ತದೆ. ನಾಯಿಯನ್ನು ಹಿಂದಿನ ಮೂಲೆಯಲ್ಲಿ ಕೂರಿಸಿ, ನೀವು ಬಾಗಿಲಿಗೂ ನಾಯಿಗೂ ನಡುವೆ ನಿಲ್ಲಿ, ಪ್ರತಿ ಮಹಡಿಗೂ ಒಂದು ಚೂರು. ಯಾರಾದರೂ ಒಳಗಿದ್ದರೆ ಕೇಳಿ, ಅವರು ಬೇಡ ಎಂದರೆ ಮುಂದಿನ ಸಲಕ್ಕೆ ಕಾಯಿರಿ. ಲಿಫ್ಟಿನಿಂದ ಸಾಕು ನಾಯಿಗಳನ್ನು ಸೊಸೈಟಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆ ಇದೆ, ನಿಜ. ಆದರೆ ನಾಲ್ಕನೇ ಮಹಡಿಯ ಅಜ್ಜಿಗೆ ನಾಯಿ ಎಂದರೆ ಭಯ ಅನ್ನುವುದೂ ಅಷ್ಟೇ ನಿಜ. ಅವರ ಭಯಕ್ಕೆ ಮರ್ಯಾದೆ ಕೊಟ್ಟಷ್ಟೂ ಬಿಲ್ಡಿಂಗಿನಲ್ಲಿ ನಾಯಿಯ ಬದುಕು ಸುಲಭವಾಗುತ್ತದೆ.

ಎರಡು ವಾರ ಪಾಠವೆಲ್ಲ ಕಾಂಪೌಂಡಿನ ಒಳಗೇ. ಕಾರುಗಳ ನಡುವೆ ಎಂಟರ ಆಕಾರದಲ್ಲಿ ನಡೆಸಿ. ಅಲ್ಲಿ ಲೀಶ್ ಜೋಲುತ್ತಾ ಮೂವತ್ತು ಹೆಜ್ಜೆ ಬಂದರೆ ಗೇಟಿನಾಚೆ ಪಾಠ ಶುರು ಮಾಡಬಹುದು.

"ಅಷ್ಟು ದಿನ ಮಲ ಮೂತ್ರಕ್ಕೆ ಏನು ಮಾಡುವುದು?" ಎಂದು ಕೇಳುತ್ತೀರಿ. ಅದಕ್ಕೇ ಎರಡು ಉಂಗುರದ ಹಾರ್ನೆಸ್ ಹೇಳಿದ್ದು. ಪಾಠದ ಹೊತ್ತಿಗೆ ಲೀಶ್ ಮುಂದಿನ ಉಂಗುರಕ್ಕೆ, ಆಗ ನಿಯಮಕ್ಕೆ ರಿಯಾಯಿತಿಯೇ ಇಲ್ಲ. ಅವಸರದಲ್ಲಿ ಕೆಳಗೆ ಇಳಿಸಿ ತರುವಾಗ ಬೆನ್ನಿನ ಉಂಗುರಕ್ಕೆ, ಆಗ ಸ್ವಲ್ಪ ಎಳೆದರೂ ಸರಿ, ಹತ್ತಿರದ ಮೂಲೆಗೆ ಹೋಗಿ ವಾಪಸ್. ನಾಯಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮಲ ಎತ್ತಲು ಚೀಲ ಮರೆಯಬೇಡಿ.

ಗೇಟಿನಾಚೆ

ಬೆಳಿಗ್ಗೆ ಐದೂವರೆಗೆ ಹೊರಡಿ. ಮಾಟುಂಗಾದಲ್ಲಿ ಆ ಹೊತ್ತಿಗೆ ಹೂವಿನವರು ಬುಟ್ಟಿ ಇಳಿಸುತ್ತಿರುತ್ತಾರೆ, ಉಡುಪಿ ಹೋಟೆಲುಗಳ ಹಿಂದಿನ ಬಾಗಿಲಿನಿಂದ ಸಾಂಬಾರಿನ ಘಮ ಬರುತ್ತದೆ. ಆದರೂ ಆರೂವರೆಯ ಗದ್ದಲಕ್ಕಿಂತ ಎಷ್ಟೋ ವಾಸಿ.

ನಿಯಮ ಒಂದೇ. ಲೀಶ್ ಜೋಲುತ್ತಿದ್ದರೆ ನಡೆಯುತ್ತೇವೆ, ಬಿಗಿಯಾದರೆ ನಿಲ್ಲುತ್ತೇವೆ. ಬಿಗಿಯಾದ ಕ್ಷಣಕ್ಕೇ ನಿಲ್ಲಬೇಕು, ಮೂರು ಹೆಜ್ಜೆ ಆದ ಮೇಲಲ್ಲ. ಹಿಂದಕ್ಕೆ ಜಗ್ಗಬೇಡಿ, ಬೈಯಬೇಡಿ, ಕಾಯಿರಿ. ನಾಯಿ ತಿರುಗಿ ನೋಡುತ್ತದೆ, ಇಲ್ಲವೇ ಒಂದು ಹೆಜ್ಜೆ ಹಿಂದೆ ಬರುತ್ತದೆ, ಲೀಶ್ ಸಡಿಲವಾಗುತ್ತದೆ. ಆಗ "ನಡಿ" ಎಂದು ಮುಂದೆ ಹೋಗಿ.

ಇಲ್ಲಿ ತುಂಬಾ ಜನ ಜಾರುತ್ತಾರೆ. ನಾಯಿ ಎಳೆದು, ನಿಂತು, ವಾಪಸ್ ಬಂದೊಡನೆ ಚೂರು ಕೊಡುತ್ತಾರೆ. ಜಾಣ ನಾಯಿ ಅದನ್ನೇ ಆಟ ಮಾಡಿಕೊಳ್ಳುತ್ತದೆ: ಎಳೆ, ವಾಪಸ್ ಬಾ, ತಿಂಡಿ ತಿನ್ನು, ಮತ್ತೆ ಎಳೆ. ಗುಂಡ ಒಂದು ವಾರ ನನ್ನ ಜೊತೆ ಹೀಗೇ ಆಡಿದ. ವಾಪಸ್ ಬಂದದ್ದಕ್ಕೆ ಫಲ ಮುಂದಕ್ಕೆ ಹೋಗುವುದು ಮಾತ್ರ. ಚೂರು ಸಿಗಬೇಕಾದ್ದು ಆಮೇಲೆ ನಾಲ್ಕೈದು ಹೆಜ್ಜೆ ಪಕ್ಕದಲ್ಲಿ ಬಂದಾಗ.

ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ನಾವು ಗೇಟಿನಿಂದ ಮೂರನೇ ಕಂಬದ ತನಕ ಹೋದೆವು. ಅದೇ ವಾಕಿಂಗ್. ದೂರ ಅಳೆಯಬೇಡಿ. ನಿಂತರೂ ನಾಯಿ ಪೂರ್ತಿ ಬಲ ಹಾಕುತ್ತಲೇ ಇದ್ದರೆ ಜಾಗ ಜಾಸ್ತಿ ಕಷ್ಟದ್ದಾಯಿತು ಎಂದರ್ಥ. "ಬಾ" ಎಂದು ಉತ್ಸಾಹದಿಂದ ಕರೆದು ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ಹತ್ತು ಹೆಜ್ಜೆ ನಡೆದು ಮತ್ತೆ ಶುರು ಮಾಡಿ.

ಇನ್ನು ಮೂಸುವುದು. ದಯವಿಟ್ಟು ನಾಯಿಗೆ ಮೂಸಲು ಬಿಡಿ. ನಮಗೆ ಬೆಳಗಿನ ಪೇಪರ್ ಇದ್ದ ಹಾಗೆ ಅದಕ್ಕೆ ಕಂಬದ ಬುಡ. ಮೂಗು ನೆಲಕ್ಕಿಟ್ಟು ನಿಧಾನವಾಗಿ ಮೂಸುವ ನಾಯಿ ತಣ್ಣಗಾಗುತ್ತದೆ, ಹತ್ತು ನಿಮಿಷ ಮನಸಾರೆ ಮೂಸಿದರೆ ಒಳ್ಳೆ ದಣಿವೂ ಆಗುತ್ತದೆ. ನಾನು ಇದನ್ನೇ ಸಂಬಳ ಮಾಡಿಕೊಂಡೆ. ಹದಿನೈದು ಹೆಜ್ಜೆ ಜೋಲುವ ಲೀಶಿನಲ್ಲಿ ಬಂದರೆ "ಹೋಗು, ಮೂಸು" ಎಂದು ಮರದ ಬುಡಕ್ಕೆ ಬಿಡುತ್ತೇನೆ. ಮಾಟುಂಗಾದ ಫೈವ್ ಗಾರ್ಡನ್ಸ್ ಉದ್ಯಾನಗಳ ಸುತ್ತಲಿನ ಫುಟ್‌ಪಾತಿನಲ್ಲಿ ಹಳೆಯ ದೊಡ್ಡ ಮರಗಳು ಎಷ್ಟು ಬೇಕೋ ಅಷ್ಟಿವೆ. ಈಗ ಕೋಳಿ ಚೂರಿಗಿಂತ ಅವನಿಗೆ ಈ ಮಾತೇ ಇಷ್ಟ.

ಬೀದಿ ನಾಯಿ, ಬೆಕ್ಕು, ಪಾರಿವಾಳ

ಇದಕ್ಕೆಲ್ಲ ಮದ್ದು ದೂರ. ಪ್ರತಿ ನಾಯಿಗೂ ಒಂದು ಗೆರೆ ಇರುತ್ತದೆ. ಆ ಗೆರೆಯಾಚೆ ಬೆಕ್ಕು ಕಂಡರೂ ತಿಂಡಿ ತಿನ್ನುತ್ತದೆ, ಹೆಸರು ಕರೆದರೆ ತಿರುಗುತ್ತದೆ. ಗೆರೆ ದಾಟಿದರೆ ದೇಹ ಸೆಟೆಯುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಕಿವಿ ಮುಂದಕ್ಕೆ ಬರುತ್ತದೆ. ಕೋಳಿಯನ್ನು ಮೂಗಿಗೆ ಹಿಡಿದರೂ ಬೇಡ. ಬಾಯಿ ಮುಚ್ಚಿದ ಆ ಕ್ಷಣವನ್ನು ಹಿಡಿಯಲು ಕಲಿಯಿರಿ, ಅದಾದ ಮೇಲೆ ಒಂದೋ ಎರಡೋ ಸೆಕೆಂಡಿನಲ್ಲಿ ನೆಗೆತ.

ಗುಂಡನ ಗೆರೆ ಮೊದಲು ರಸ್ತೆಯ ಅಗಲದಷ್ಟಿತ್ತು. ಆಚೆ ಬದಿಯ ಬೆಕ್ಕನ್ನು ಅವನು ನೋಡಿದೊಡನೆ ಶಭಾಷ್, ಚೂರು. ಮತ್ತೆ ನೋಡಿದ, ಮತ್ತೆ ಚೂರು. ಮೂರ್ನಾಲ್ಕು ವಾರದಲ್ಲಿ ಬೆಕ್ಕು ಕಂಡರೆ ಅವನೇ ತಿರುಗಿ ನನ್ನ ಮುಖ ನೋಡತೊಡಗಿದ. ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ. ಒಂದು ದಿನ ಕೆಟ್ಟರೆ, ನೆಗೆದು ಬೊಗಳಿ ರಂಪವಾದರೆ, ಮರುದಿನ ಪಾಠ ಬೇಡ. ಆ ಉದ್ವೇಗ ಮೈಯಿಂದ ಇಳಿಯಲು ಸಮಯ ಬೇಕು. ಮನೆಯಲ್ಲಿ ಟವೆಲಿನೊಳಗೆ ತಿಂಡಿ ಸುತ್ತಿಟ್ಟು ಹುಡುಕಲು ಬಿಡಿ.

ಬೀದಿ ನಾಯಿಗಳ ವಿಷಯ ಬೇರೆ. ಅವು ತಮ್ಮ ಗಲ್ಲಿ ಕಾಯುತ್ತವೆ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿ. ಯಾವ ಗಲ್ಲಿಯಲ್ಲಿ ಯಾವ ಗುಂಪು, ಎಷ್ಟು ಹೊತ್ತಿಗೆ ಮಲಗಿರುತ್ತದೆ ಎಂದು ನಾಯಿ ಇಲ್ಲದೆ ಒಬ್ಬರೇ ನಡೆದು ನೋಡಿಕೊಳ್ಳಿ. ಎದುರು ಸಿಕ್ಕರೆ ನೇರವಾಗಿ ಹೋಗಬೇಡಿ, ಬಿಲ್ಲಿನ ಹಾಗೆ ಬಳಸಿ ಹೋಗಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಲೀಶ್ ಬಿಗಿ ಮಾಡಬೇಡಿ, ಓಡಬೇಡಿ. ಹಿಂದೆಯೇ ಬಂದರೆ ಒಂದು ಮುಷ್ಟಿ ತಿಂಡಿಯನ್ನು ಅವುಗಳ ಕಡೆ ಎಸೆದು ನಿಧಾನವಾಗಿ ದೂರ ನಡೆಯಿರಿ. ಕಲ್ಲು ಎತ್ತಿಕೊಂಡರೆ ನಾಳೆಯೂ ಅದೇ ಜಗಳ ಕಾದಿರುತ್ತದೆ.

ಮಳೆ, ಬಿಸಿಲು, ಹಬ್ಬ

ಮಳೆಗಾಲದಲ್ಲಿ ನಿಂತ ನೀರಿಗೆ ನಾಯಿಯನ್ನು ಇಳಿಸಬೇಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಮನುಷ್ಯರಿಗೂ ನಾಯಿಗಳಿಗೂ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿಯಲ್ಲಿ ಈ ಕಾಯಿಲೆ ಹರಡಿತ್ತು. ಇದರ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು, ಜೂನ್ ಬರುವ ಮೊದಲೇ ಹಾಕಿಸಿಬಿಡಿ. ಹೊರಗೆ ಹೋಗಲಾಗದ ದಿನ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಪಾಠ ಮಾಡಿ. ಒಂದು ಮೆಟ್ಟಿಲು, ನಿಲ್ಲು, ಚೂರು. ನಿಧಾನವಾಗಿ ಕಾಲಿಡುವುದನ್ನು ಮೆಟ್ಟಿಲಿನಷ್ಟು ಚೆನ್ನಾಗಿ ಯಾವುದೂ ಕಲಿಸುವುದಿಲ್ಲ.

ಏಪ್ರಿಲ್ ಮೇಯಲ್ಲಿ ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ನೋಡಿ. ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಬೇಡ.

ಗಣೇಶೋತ್ಸವದ ಢೋಲು ತಾಶೆ, ದೀಪಾವಳಿಯ ಪಟಾಕಿ ಹೊತ್ತಿಗೆ ಯಾವ ಪಾಠವೂ ಬೇಡ. ಸದ್ದು ಶುರುವಾಗುವ ಮೊದಲೇ ಕೆಳಗೆ ಇಳಿಸಿ ತನ್ನಿ. ಬೆದರಿದ ನಾಯಿ ಹಾರ್ನೆಸಿನಿಂದ ಹಿಂದಕ್ಕೆ ಜಾರಿ ಓಡಿಹೋಗಬಹುದು, ಹಾಗಾಗಿ ಆ ದಿನಗಳಲ್ಲಿ ಕತ್ತಿನ ಪಟ್ಟಿಗೂ ಹಾರ್ನೆಸಿಗೂ ಸೇರಿಸಿ ಲೀಶ್ ಹಾಕಿ. ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ.

ಮನೆಯ ಉಳಿದವರಿಗೆ ಲೀಶ್ ಕೊಡುವಾಗ

ನಿಮ್ಮ ಜೊತೆ ಚೆನ್ನಾಗಿ ನಡೆಯುವ ನಾಯಿ ಬೇರೆಯವರ ಜೊತೆಯೂ ಹಾಗೇ ನಡೆಯುತ್ತದೆ ಎಂದುಕೊಳ್ಳಬೇಡಿ. ಪ್ರತಿಯೊಬ್ಬರೂ ಹಾಲಿನಿಂದಲೇ ಶುರು ಮಾಡಬೇಕು. ಬೇಗ ಮುಗಿಯುತ್ತದೆ, ಆದರೆ ಯಾವ ಹಂತವನ್ನೂ ಹಾರಿಸುವಂತಿಲ್ಲ. ತಿಂಡಿಯನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಐದು ಹೆಜ್ಜೆಗೊಮ್ಮೆ ಕೊಡುತ್ತಿದ್ದದ್ದು ಹತ್ತಕ್ಕಾಗಲಿ, ಮೂವತ್ತಕ್ಕಾಗಲಿ, ಆಮೇಲೆ ಕಷ್ಟದ ಜಾಗಗಳಿಗೆ ಮಾತ್ರ. ನನ್ನ ಜೇಬಿನಲ್ಲಿ ಇವತ್ತಿಗೂ ಸಣ್ಣ ಡಬ್ಬಿ ಇರುತ್ತದೆ.

ಅತ್ತೆ ಒಂದು ವರ್ಷ ಲೀಶ್ ಮುಟ್ಟಿರಲಿಲ್ಲ. ಅವರಿಗೆ ನಾಲ್ಕು ದಿನ ಹಾಲಿನಲ್ಲಿ, ಒಂದು ವಾರ ಕಾಂಪೌಂಡಿನಲ್ಲಿ ಅಭ್ಯಾಸ ಮಾಡಿಸಿದೆ. ಮೊದಲ ಸಲ ಗೇಟು ದಾಟಿದ ದಿನ ನಾನು ಎರಡನೇ ಲೀಶನ್ನು ಬೆನ್ನಿನ ಉಂಗುರಕ್ಕೆ ಹಾಕಿ ಪಕ್ಕದಲ್ಲೇ ನಡೆದೆ. ವಯಸ್ಸಾದವರಿದ್ದರೆ ನೀವೂ ಹಾಗೇ ಮಾಡಿ, ಕನಿಷ್ಠ ಒಂದು ತಿಂಗಳು. ಹೂವಿನ ಅಂಗಡಿಯ ಹತ್ತಿರ ಒಂದು ಬೆಕ್ಕು ಕೂತಿತ್ತು. ಗುಂಡ ನಿಂತ, ಬೆಕ್ಕನ್ನು ನೋಡಿದ, ತಿರುಗಿ ಅತ್ತೆಯ ಮುಖ ನೋಡಿದ. ಅತ್ತೆಯ ಕೈ ನಡುಗುತ್ತಿತ್ತು, ಆದರೆ ಚೂರನ್ನು ಸೀರೆಯ ನೆರಿಗೆಯ ಪಕ್ಕಕ್ಕೇ ಹಿಡಿದು ಕೊಟ್ಟರು. "ಶಭಾಷ್ ಹೇಳೂದು ಮರ್ತೇ ಹೋಯ್ತಲ್ಲ ಮಗಾ" ಎಂದರು. ಪರವಾಗಿಲ್ಲ ಅತ್ತೆ, ಈಗ ಹೇಳಿ ಎಂದೆ. ಹೇಳಿದರು, ಇನ್ನೊಂದು ಚೂರು ಕೊಟ್ಟರು, ಲೀಶ್ ಜೋಲುತ್ತಲೇ ಇತ್ತು.